ಅಪ್‌ಡೇಟ್ ನಿಂತ ಫೋನು ಇನ್ನೆಷ್ಟು ದಿನ?

ಪ್ರಶ್ನೆ: ಅಪ್ಪ ಬಳಸುತ್ತಿರುವುದು 2020ರಲ್ಲಿ ಕೊಂಡ ಸ್ಯಾಮ್ಸಂಗ್ ಗ್ಯಾಲಕ್ಸಿ ಎಂ31. ಆಂಡ್ರಾಯ್ಡ್ 12ಕ್ಕೆ ಬಂದು ನಿಂತಿದೆ, ಸೆಕ್ಯುರಿಟಿ ಅಪ್‌ಡೇಟೂ ಬರುತ್ತಿಲ್ಲ. ಫೋನೇನೋ ಚೆನ್ನಾಗಿ ನಡೆಯುತ್ತಿದೆ, ಬ್ಯಾಟರಿ ಮಾತ್ರ ಮೊದಲಿನಷ್ಟು ಬಾಳುವುದಿಲ್ಲ. ಪಿಂಚಣಿ ಬರುವ ಖಾತೆಯ ಯುಪಿಐ ಇದರಲ್ಲೇ ಇದೆ. ಇನ್ನೂ ಬಳಸಬಹುದೇ? ಬ್ಯಾಟರಿ ಬದಲಿಸಬೇಕೇ, ಕಸ್ಟಮ್ ರಾಮ್ (ಕಂಪನಿಯದಲ್ಲದ, ಹೊರಗಿನವರು ತಯಾರಿಸಿದ ಆಂಡ್ರಾಯ್ಡ್) ಹಾಕಿಸಬೇಕೇ? ಹೊಸದನ್ನೇ ಕೊಳ್ಳುವುದಾದರೆ ಅಂಗಡಿಯವರು ಹೇಳುವ ‘6 ವರ್ಷ, 7 ವರ್ಷ ಅಪ್‌ಡೇಟ್’ ಮಾತನ್ನು ಎಷ್ಟು ನಂಬಬಹುದು?

ಉತ್ತರ: ಫೋನು ಇರಲಿ, ಪಿಂಚಣಿ ಖಾತೆ ಅದರಲ್ಲಿ ಬೇಡ. ಚುಟುಕಾಗಿ ಹೇಳುವುದಾದರೆ ಇಷ್ಟೇ. ಯಾಕೆ ಅನ್ನುವುದು ಫೋನಿನೊಳಗಿನ ಒಂದು ಸಾಲಿನಲ್ಲೇ ಇದೆ.

ಸೆಟ್ಟಿಂಗ್ಸ್‌ನ ತೀರಾ ಕೆಳಗಿರುವ ‘ಅಬೌಟ್ ಫೋನ್’ ತೆರೆದು, ಅದರೊಳಗೆ ‘ಸಾಫ್ಟ್‌ವೇರ್ ಇನ್ಫರ್ಮೇಶನ್’ ಒತ್ತಿ. ಆಂಡ್ರಾಯ್ಡ್ ಆವೃತ್ತಿ ಒಂದು ಕಡೆ, ‘ಆಂಡ್ರಾಯ್ಡ್ ಸೆಕ್ಯುರಿಟಿ ಪ್ಯಾಚ್ ಲೆವೆಲ್’ ಒಂದು ಕಡೆ, ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಇನ್ನೊಂದು ಕಡೆ ಕಾಣುತ್ತದೆ. ಮೂರೂ ಬೇರೆ ಬೇರೆ. ಹೆಚ್ಚಿನವರು ಮೊದಲನೆಯದನ್ನು ನೋಡಿ ಫೋನು ಹಳತೋ ಹೊಸತೋ ಎಂದು ತೀರ್ಮಾನಿಸುತ್ತಾರೆ. ಸುರಕ್ಷತೆಯ ಮಟ್ಟಿಗೆ ನೋಡಬೇಕಾದದ್ದು ಎರಡನೆಯದನ್ನು, ಅಂದರೆ ಸಾಫ್ಟ್‌ವೇರ್‌ನ ದೋಷಗಳನ್ನು (ತೂತುಗಳನ್ನು) ಮುಚ್ಚುವ ತೇಪೆ, ಅದೇ ಪ್ಯಾಚ್, ಎಂದಿನದು ಎಂಬುದನ್ನು. ಆಂಡ್ರಾಯ್ಡ್ 14 ಇದ್ದೂ ಪ್ಯಾಚ್ ಒಂದೂವರೆ ವರ್ಷ ಹಿಂದೆ ಬಿದ್ದಿರುವ ಫೋನಿಗಿಂತ, ಆಂಡ್ರಾಯ್ಡ್ 13ರಲ್ಲೇ ಇದ್ದು ಹೋದ ತಿಂಗಳ ಪ್ಯಾಚ್ ಹಾಕಿಕೊಂಡಿರುವ ಫೋನು ಗಟ್ಟಿ.

ಆ ದಿನಾಂಕವನ್ನು ಸರಿಯಾಗಿ ನೋಡಿ. ಯಾವುದೋ ತಿಂಗಳ 1ನೇ ತಾರೀಕು ಇರುತ್ತದೆ, ಇಲ್ಲವೇ 5ನೇ ತಾರೀಕು. ಇದು ಅಪ್‌ಡೇಟ್ ಬಂದ ದಿನವಲ್ಲ, ಯಾವ ತಿಂಗಳವರೆಗಿನ ತೂತುಗಳು ಮುಚ್ಚಿವೆ ಎಂಬುದರ ಗುರುತು. 2015ರಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ತೂತು ಹೊರಬಿತ್ತು: ಒಂದು ಎಂಎಂಎಸ್ ಕಳಿಸಿದರೆ ಸಾಕು, ಫೋನು ಬೇರೆಯವರ ಕೈವಶವಾಗುವ ಸಾಧ್ಯತೆ ಇತ್ತು. ಆ ಗದ್ದಲದ ನಂತರ ಗೂಗಲ್ ಪ್ರತಿ ತಿಂಗಳೂ ತೂತುಗಳ ಪಟ್ಟಿಯನ್ನೂ ಅವನ್ನು ಮುಚ್ಚುವ ಪ್ಯಾಚ್‌ಗಳನ್ನೂ ಬಿಡುಗಡೆ ಮಾಡತೊಡಗಿತು. 1ನೇ ತಾರೀಕಿನ ಕಂತಿನಲ್ಲಿ ಆಂಡ್ರಾಯ್ಡ್‌ನದೇ ಭಾಗಗಳ ರಿಪೇರಿ ಇರುತ್ತದೆ. 5ನೇ ತಾರೀಕಿನದರಲ್ಲಿ ಅದರ ಜೊತೆಗೆ ವ್ಯವಸ್ಥೆಯ ತಿರುಳಾದ ಕರ್ನಲ್‌, ಚಿಪ್ ನಡೆಸಲು ಅದರ ತಯಾರಕರು ಬರೆದ ಡ್ರೈವರ್‌ಗಳ ರಿಪೇರಿಯೂ ಸೇರಿರುತ್ತದೆ. ಹಾಗಾಗಿ ತಿಂಗಳು ಅದೇ ಇದ್ದರೂ 5 ಕಂಡರೆ ಕೆಲಸ ಪೂರ್ತಿಯಾಗಿದೆ ಅಂತ.

ಈ ಪಟ್ಟಿ ಎಲ್ಲರಿಗೂ ತೆರೆದಿದ್ದು ಅನ್ನುವುದನ್ನು ಮರೆಯಬಾರದು. ಮುಚ್ಚಿದ ತೂತು ಯಾವುದು, ಎಲ್ಲಿತ್ತು ಎಂದು ಕೆಡುಕರೂ ಓದುತ್ತಾರೆ. ಪ್ಯಾಚ್ ಸಿಕ್ಕ ಫೋನಿಗೆ ಅದು ಮುಗಿದ ಕಥೆ. ಸಿಗದ ಫೋನಿಗೆ, ಬೀಗ ಎಲ್ಲಿ ಸಡಿಲವಾಗಿದೆ ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದ ಹಾಗೆ. ಒಂದು ಉದಾಹರಣೆ: 2025ರ ಸೆಪ್ಟೆಂಬರ್‌ನಲ್ಲಿ ಸ್ಯಾಮ್ಸಂಗ್ ತನ್ನ ಫೋನುಗಳಲ್ಲಿ ಚಿತ್ರಗಳನ್ನು ಬಿಡಿಸಿ ತೋರಿಸುವ ಲೈಬ್ರರಿಯ ಒಂದು ತೂತು ಮುಚ್ಚಿತು. ಅದನ್ನು ಪತ್ತೆಮಾಡಿ ತಿಳಿಸಿದವರು ಮೆಟಾ ಮತ್ತು ವಾಟ್ಸ್ಆ್ಯಪ್‌ನ ಸುರಕ್ಷತಾ ತಂಡದವರು, ಅಷ್ಟು ಹೊತ್ತಿಗಾಗಲೇ ಅದರ ದುರ್ಬಳಕೆ ನಡೆದಿತ್ತು. ತಿರುಚಿದ ಒಂದು ಫೋಟೊ ಸಾಕು.

ನಿಮ್ಮ ಎಂ31ರ ಲೆಕ್ಕ ಹೀಗಿದೆ. 2020ರ ಆರಂಭದಲ್ಲಿ ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂತು. ಎರಡು ದೊಡ್ಡ ಆವೃತ್ತಿ ಸಿಕ್ಕಿ 12ಕ್ಕೆ ನಿಂತಿತು. 2019ರಿಂದೀಚೆಗಿನ ಗ್ಯಾಲಕ್ಸಿಗಳಿಗೆ ಬಿಡುಗಡೆಯಿಂದ ಕನಿಷ್ಠ 4 ವರ್ಷ ಸೆಕ್ಯುರಿಟಿ ಪ್ಯಾಚ್ ಕೊಡುತ್ತೇವೆ ಎಂದು ಸ್ಯಾಮ್ಸಂಗ್ 2021ರಲ್ಲಿ ಹೇಳಿತ್ತು. ಆ ನಾಲ್ಕು ವರ್ಷ 2024ಕ್ಕೆ ಮುಗಿಯಿತು. ಅದರ ತಳದಲ್ಲಿರುವ ಲಿನಕ್ಸ್ ಕರ್ನಲ್ 4.14ರ ದೀರ್ಘಾವಧಿ ಬೆಂಬಲ ಮುಗಿದದ್ದೂ 2024ರ ಜನವರಿಯಲ್ಲೇ. 2025ರ ಮಧ್ಯದ ಹೊತ್ತಿಗೆ ಗೂಗಲ್‌ನ ಮಾಸಿಕ ಪಟ್ಟಿಯಲ್ಲೂ ಆಂಡ್ರಾಯ್ಡ್ 12ರ ಹೆಸರು ಇಲ್ಲವಾಯಿತು. ಇನ್ನು ಇದನ್ನು ದುರಸ್ತಿ ಮಾಡುವವರು ಯಾರೂ ಇಲ್ಲ.

ಹಾಗಂತ ಫೋನು ಪೂರ್ತಿ ಅನಾಥವಾಗಿಲ್ಲ. ಆಂಡ್ರಾಯ್ಡ್ 10ರಿಂದ ವ್ಯವಸ್ಥೆಯ ಕೆಲವು ತುಣುಕುಗಳನ್ನು ಗೂಗಲ್ ಪ್ಲೇ ಮೂಲಕವೇ ಬದಲಿಸುವ ಏರ್ಪಾಡು ಬಂತು. ಮೇಲೆ ಹೇಳಿದ ಮೂರನೆಯ ಸಾಲು, ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’, ಅದಕ್ಕೇ ಸಂಬಂಧಿಸಿದ್ದು. ಅದರ ಮೇಲೆ ಒತ್ತಿ, ಬಾಕಿ ಇದ್ದರೆ ಹಾಕಿಕೊಂಡು ಒಮ್ಮೆ ರೀಸ್ಟಾರ್ಟ್ ಮಾಡಿ. ಕ್ರೋಮ್ ಮತ್ತು ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಕೂಡ ಪ್ಲೇ ಸ್ಟೋರ್‌ನಿಂದಲೇ ಬರುತ್ತವೆ. ವೆಬ್‌ವ್ಯೂ ಹೆಸರನ್ನು ಕೇಳಿದವರು ಕಡಿಮೆ, ಆದರೆ ಬ್ಯಾಂಕು, ರೈಲ್ವೆ, ಕರೆಂಟ್ ಬಿಲ್ಲಿನ ಆ್ಯಪ್‌ಗಳು ಒಳಗೊಳಗೇ ವೆಬ್ ಪುಟ ತೋರಿಸುವುದು ಅದರಿಂದ. ಇವು ಹೊಸದಾಗಿರುವಷ್ಟು ಕಾಲ ಇಂಟರ್‌ನೆಟ್‌ ಕಡೆಯ ಬಾಗಿಲು ತಕ್ಕಮಟ್ಟಿಗೆ ಭದ್ರ. ಕ್ರೋಮ್ 138ನೇ ಆವೃತ್ತಿಯೊಂದಿಗೆ ಆಂಡ್ರಾಯ್ಡ್ 8 ಮತ್ತು 9ಕ್ಕೆ ಬೆಂಬಲ ಮುಗಿದಿದೆ, 139ರಿಂದ ಕನಿಷ್ಠ ಆಂಡ್ರಾಯ್ಡ್ 10 ಬೇಕು. 12ರ ಸರದಿಯೂ ಒಂದು ದಿನ ಬರುತ್ತದೆ, ಆದರೆ ಇನ್ನೂ ಬಂದಿಲ್ಲ. ಹಳೆಯ ಫೋನು ನಿಜಕ್ಕೂ ಕೈಕೊಡುವುದು ಆ ಘಟ್ಟದಲ್ಲಿ. ಮೊದಲು ಬ್ರೌಸರ್, ಆಮೇಲೆ ಬ್ಯಾಂಕ್ ಆ್ಯಪ್, ಕೊನೆಗೆ ವಾಟ್ಸ್ಆ್ಯಪ್. 2025ರ ಮಧ್ಯದಲ್ಲೂ ವಾಟ್ಸ್ಆ್ಯಪ್‌ಗೆ ಆಂಡ್ರಾಯ್ಡ್ 5 ಸಾಕಾಗುತ್ತಿತ್ತು. ಆದ್ದರಿಂದ ‘ವಾಟ್ಸ್ಆ್ಯಪ್ ನಡೆಯುತ್ತಿದೆಯಲ್ಲ’ ಅನ್ನುವುದು ಸುರಕ್ಷತೆಗೆ ಅಳತೆಗೋಲಲ್ಲ.

ಬ್ಯಾಂಕ್ ಆ್ಯಪ್‌ಗಳ ವಿಷಯದಲ್ಲಿ ಒಂದು ವಿಚಿತ್ರ ಇದೆ. ಫೋನು ನಂಬಿಕೆಗೆ ಯೋಗ್ಯವೇ ಎಂದು ಆ್ಯಪ್‌ಗಳು ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಸೇವೆಯನ್ನು ಕೇಳಬಹುದು. ಅದರ ಅತಿ ಬಿಗಿಯಾದ ಹಂತ ದಾಟಲು, ಆಂಡ್ರಾಯ್ಡ್ 13 ಮತ್ತು ಅದಕ್ಕಿಂತ ಹೊಸ ಫೋನುಗಳಿಗೆ ಕಳೆದ ಒಂದು ವರ್ಷದೊಳಗಿನ ಸೆಕ್ಯುರಿಟಿ ಪ್ಯಾಚ್ ಬೇಕು ಎಂಬ ನಿಯಮ 2025ರಲ್ಲಿ ಬಂದಿದೆ. 12 ಮತ್ತು ಹಿಂದಿನವಕ್ಕೆ ಈ ಷರತ್ತು ಇಲ್ಲ. ಅಂದರೆ 13ಕ್ಕೆ ಬಂದು ಪ್ಯಾಚ್ ನಿಂತ ಫೋನು ಆ ಪರೀಕ್ಷೆಯಲ್ಲಿ ಫೇಲಾಗಬಹುದು, ಅದಕ್ಕಿಂತ ಹಳೆಯ ನಿಮ್ಮ ಎಂ31 ಪಾಸಾಗಬಹುದು! ಯಾವ ಹಂತ ಬೇಕೆಂದು ತೀರ್ಮಾನಿಸುವುದು ಆಯಾ ಆ್ಯಪ್‌ನವರು. ಆದ್ದರಿಂದ ಆ್ಯಪ್ ತೆರೆದುಕೊಂಡಿತು ಅಂದಮಾತ್ರಕ್ಕೆ ನೆಮ್ಮದಿಯಿಂದ ಇರಬೇಡಿ.

ಈಗ ಮನೆಯ ಕಡೆಯ ಅಪಾಯ. ನಮ್ಮಲ್ಲಿ ಹಿರಿಯರ ದುಡ್ಡು ಹೋಗುತ್ತಿರುವುದು ಬಹುಪಾಲು ಇಂಥ ಸೂಕ್ಷ್ಮ ತೂತುಗಳಿಂದಲ್ಲ, ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ (ಪ್ಲೇ ಸ್ಟೋರ್‌ನ ಹೊರಗಿನಿಂದ ಆ್ಯಪ್ ಹಾಕುವ) ಕಡತಗಳಿಂದ. ‘ಟ್ರಾಫಿಕ್ ಚಲನ್’ ಅಂತಲೋ ‘ಮದುವೆ ಆಮಂತ್ರಣ’ ಅಂತಲೋ ಹೆಸರಿರುತ್ತದೆ. ಒತ್ತಿದರೆ ಆ್ಯಪ್ ಕೂತುಕೊಂಡು ಎಸ್‌ಎಂಎಸ್ ಓದುವ, ‘ಆ್ಯಕ್ಸೆಸಿಬಿಲಿಟಿ’ (ಕಣ್ಣು, ಕಿವಿ ಮಂದವಾದವರಿಗೆ ನೆರವಾಗುವ ಸೌಲಭ್ಯ) ಬಳಸುವ ಅನುಮತಿ ಕೇಳುತ್ತದೆ. ಆ್ಯಕ್ಸೆಸಿಬಿಲಿಟಿ ಸಿಕ್ಕಿತೆಂದರೆ ಪರದೆಯ ಮೇಲಿರುವುದನ್ನೆಲ್ಲ ಓದಿ, ತಾನೇ ಗುಂಡಿ ಒತ್ತಬಲ್ಲದು. ಹೀಗೆ ಹೊರಗಿನಿಂದ ಬಂದ ಆ್ಯಪ್‌ಗಳಿಗೆ ಆ ಅನುಮತಿಯನ್ನು ತಾನಾಗಿ ತಡೆಹಿಡಿಯುವ ವ್ಯವಸ್ಥೆ ಆಂಡ್ರಾಯ್ಡ್ 13ರಲ್ಲಿ ಬಂತು. ಅಪ್ಪನ ಫೋನಿನಲ್ಲಿ ಅದು ಇಲ್ಲ. ಪಿಂಚಣಿ ಖಾತೆ ಬೇಡ ಅಂದದ್ದಕ್ಕೆ ಪ್ಯಾಚ್‌ಗಿಂತಲೂ ದೊಡ್ಡ ಕಾರಣ ಇದು.

ಮುಂದಿನ ಭಾನುವಾರ ಅರ್ಧ ಗಂಟೆ ಕೂತು ಇಷ್ಟು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ. ಬರುವ ಪಟ್ಟಿಯಲ್ಲಿ ವಾಟ್ಸ್ಆ್ಯಪ್, ಕ್ರೋಮ್, ಮೈ ಫೈಲ್ಸ್ ಎಲ್ಲದರ ಮುಂದೆಯೂ ಆಫ್ ಇರಬೇಕು. ‘ಆ್ಯಕ್ಸೆಸಿಬಿಲಿಟಿ’ಯೊಳಗೆ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ನೋಡಿ, ಅಪ್ಪನಿಗೆ ನಿಜಕ್ಕೂ ಬೇಕಾದದ್ದು ಬಿಟ್ಟು ಬೇರೇನಾದರೂ ಆನ್ ಇದ್ದರೆ ಕಿತ್ತುಹಾಕಿ. ಪ್ಲೇ ಸ್ಟೋರ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ‘ಪ್ಲೇ ಪ್ರೊಟೆಕ್ಟ್’ ಸ್ಕ್ಯಾನ್ ನಡೆಸಿ. ವಾಟ್ಸ್ಆ್ಯಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ದಲ್ಲಿ ಮೀಡಿಯಾ ಆಟೊ ಡೌನ್‌ಲೋಡ್ ಪೂರ್ತಿ ನಿಲ್ಲಿಸಿ. ಆಗ ಗೊತ್ತಿಲ್ಲದವರ ಫೋಟೊ ತಾನಾಗಿ ಫೋನಿಗೆ ಇಳಿಯುವುದಿಲ್ಲ, ‘ಶುಭೋದಯ’ದ ಚಿತ್ರಗಳಿಂದ ಮೆಮೊರಿ ತುಂಬುವುದೂ ತಪ್ಪುತ್ತದೆ. ಹಳೆಯ ಫೋನು ನಿಧಾನವಾಗಲು ಮುಖ್ಯ ಕಾರಣವೇ ತುಂಬಿ ತುಳುಕುವ ಮೆಮೊರಿ; 64 ಜಿಬಿಯಲ್ಲಿ ಎಂಟು–ಹತ್ತು ಜಿಬಿಯಾದರೂ ಖಾಲಿ ಇರಲಿ. ಬ್ಲೂಟೂತ್ ಬೇಡವಾದಾಗ ಆಫ್ ಇರಲಿ.

ಯುಪಿಐಗೆ ಇನ್ನೊಂದು ಉಳಿತಾಯ ಖಾತೆ ಜೋಡಿಸಿ, ಅದರಲ್ಲಿ ತಿಂಗಳ ತರಕಾರಿ–ಔಷಧಿಗೆ ಬೇಕಾದಷ್ಟೇ ಹಣ ಇಡಿ. ಆದರೆ ಪಿಂಚಣಿ ಖಾತೆಯನ್ನು ಯುಪಿಐ ಆ್ಯಪ್‌ನಿಂದ ತೆಗೆದರಷ್ಟೇ ಸಾಲದು. ಅದರ ಮೊಬೈಲ್ ಬ್ಯಾಂಕಿಂಗ್ ಆ್ಯಪ್ ಈ ಫೋನಿನಲ್ಲಿ ಇರಬಾರದು, ಒಟಿಪಿ ಬರುವ ಸಿಮ್ಮೂ ಸಾಧ್ಯವಾದರೆ ಇಲ್ಲಿರಬಾರದು. ಒಂದು ಸಾದಾ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿಟ್ಟರೂ ನಡೆಯುತ್ತದೆ. ಜಿಯೊ ಸಿಮ್ ಆದರೆ ಕೀಪ್ಯಾಡ್ ಫೋನೂ 4ಜಿಯದೇ ಆಗಿರಬೇಕು.

ಕಸ್ಟಮ್ ರಾಮ್ ಬಗ್ಗೆ: ಬೇಡ. ಬೇರೆ ಸಂದರ್ಭದಲ್ಲಿ ಅದು ಒಳ್ಳೆಯ ಕೆಲಸವೇ, ಸತ್ತ ಫೋನುಗಳಿಗೆ ಜೀವ ಕೊಟ್ಟಿದೆ. ಆದರೆ ಅದಕ್ಕಾಗಿ ಬೂಟ್‌ಲೋಡರ್ (ಕಂಪನಿಯ ಸಾಫ್ಟ್‌ವೇರ್ ಮಾತ್ರ ಶುರುವಾಗುವಂತೆ ಕಾಯುವ ಬೀಗ) ಬಿಚ್ಚಬೇಕು. ಬಿಚ್ಚಿದ ಫೋನು ಪ್ಲೇ ಇಂಟೆಗ್ರಿಟಿಯ ಬಿಗಿ ಪರೀಕ್ಷೆ ದಾಟುವುದಿಲ್ಲ, ಹಾಗಾಗಿ ಹಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ. ಸ್ಯಾಮ್ಸಂಗ್ ಫೋನಿನಲ್ಲಿ ನಾಕ್ಸ್ ಎಂಬ ಸುರಕ್ಷತಾ ವ್ಯವಸ್ಥೆಯ ಫ್ಯೂಸ್ ಒಮ್ಮೆ ಹಾರಿತೆಂದರೆ ಹಳೆಯ ಸಾಫ್ಟ್‌ವೇರ್ ಮತ್ತೆ ಹಾಕಿದರೂ ಅದು ಸರಿಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಮೊಬೈಲ್ ಸಿಗ್ನಲ್ ಹಿಡಿಯುವ ಮೋಡೆಮ್ ಮುಂತಾದ ಭಾಗಗಳ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಅದು ಕಂಪನಿ ಕೊಡಬೇಕಾದದ್ದು, ರಾಮ್ ತಯಾರಿಸುವ ಉತ್ಸಾಹಿಗಳ ಕೈಯಲ್ಲಿಲ್ಲ. ಮೋಡೆಮ್ ಎಷ್ಟು ಮುಖ್ಯ ಅಂದರೆ, 2023ರ ಮಾರ್ಚ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಸ್ಯಾಮ್ಸಂಗ್‌ನ ಕೆಲವು ಎಕ್ಸಿನಾಸ್ ಮೋಡೆಮ್‌ಗಳಲ್ಲಿ, ಬರೀ ಫೋನ್ ನಂಬರ್ ಗೊತ್ತಿದ್ದರೆ ಒಳನುಗ್ಗಬಹುದಾದ ತೂತುಗಳನ್ನು ಬಹಿರಂಗಪಡಿಸಿತು. ಪ್ಯಾಚ್ ಬರುವವರೆಗೆ ವೋಲ್ಟಿ (4ಜಿ ಮೂಲಕ ಕರೆ) ಮತ್ತು ವೈಫೈ ಕಾಲಿಂಗ್ ಆಫ್ ಮಾಡಿಕೊಳ್ಳಿ ಎಂದು ಹೇಳಬೇಕಾಯಿತು.

ಕಂಪನಿಗಳು ಯಾಕೆ ಬೇಗ ಕೈಬಿಡುತ್ತವೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಗೂಗಲ್‌ನ ಪ್ಯಾಚ್ ನೇರ ನಿಮ್ಮ ಕೈಗೆ ಬರುವುದಿಲ್ಲ. ಚಿಪ್ ತಯಾರಕರು ತಮ್ಮ ಡ್ರೈವರ್ ಸರಿಮಾಡಬೇಕು, ಫೋನ್ ಕಂಪನಿ ಅದನ್ನು ಪ್ರತಿ ಮಾದರಿಗೂ ಹೊಂದಿಸಿ ಪರೀಕ್ಷಿಸಬೇಕು. ಚಿಪ್‌ನವರು ಕೈಬಿಟ್ಟರೆ ಉಳಿದವರಿಗೆ ಕಷ್ಟ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಕಂಪನಿ ಆ ಕಷ್ಟದ ಕೆಲಸವನ್ನು ಹಟ ಹಿಡಿದು ಮಾಡಿ ತೋರಿಸಿತು. 2015ರ ಕೊನೆಗೆ ಬಂದ ಫೇರ್‌ಫೋನ್ 2ರ ಸ್ನ್ಯಾಪ್‌ಡ್ರ್ಯಾಗನ್ 801 ಚಿಪ್‌ಗೆ ಕ್ವಾಲ್ಕಾಮ್ ಆಂಡ್ರಾಯ್ಡ್ 6ರ ನಂತರ ಬೆಂಬಲ ಕೊಡಲಿಲ್ಲ. ಆ ಪುಟ್ಟ ಕಂಪನಿ ತಾನೇ ಕೂತು ಅದನ್ನು ಆಂಡ್ರಾಯ್ಡ್ 10ರವರೆಗೆ ತಂದು, 2023ರವರೆಗೆ ನಡೆಸಿತು. ಆ ಪಾಡು ಮತ್ತೆ ಬೇಡವೆಂದು 2023ರ ಫೇರ್‌ಫೋನ್ 5ಕ್ಕೆ, ಕಾರ್ಖಾನೆಯ ಉಪಕರಣಗಳಿಗೆಂದು ತಯಾರಾಗುವ ದೀರ್ಘ ಬೆಂಬಲದ ಕ್ವಾಲ್ಕಾಮ್ ಚಿಪ್ಪನ್ನೇ ಆರಿಸಿಕೊಂಡಿತು. ಎಂ31ಕ್ಕೆ ಈ ಸಬೂಬೂ ಇಲ್ಲ. ಅದರ ಎಕ್ಸಿನಾಸ್ 9611 ಚಿಪ್ ಸ್ಯಾಮ್ಸಂಗ್‌ನದೇ. ಅಲ್ಲಿ ನಿಂತದ್ದು ಲೆಕ್ಕಾಚಾರದಿಂದ.

ಇನ್ನು ಅಂಗಡಿಯವರ ಮಾತು. 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್ 7 ವರ್ಷ ಅಂದಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್ಸಂಗ್ ಅಷ್ಟೇ ಅಂದಿತು. ಅಗ್ಗದ ಸಾಲಿಗೂ ಅದು ಇಳಿದಿದೆ: ಗ್ಯಾಲಕ್ಸಿ ಎ16 5ಜಿಗೆ 6 ಆವೃತ್ತಿ, 6 ವರ್ಷದ ಪ್ಯಾಚ್. ಮಾತು ಸುಳ್ಳಲ್ಲ. ಆದರೆ ವರ್ಷ ಎಣಿಸುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಬಿಲ್ ಮಾಡಿಸಿದ ದಿನದಿಂದಲ್ಲ. ದಸರಾ–ದೀಪಾವಳಿ ಆಫರಿನಲ್ಲಿ ಭಾರಿ ರಿಯಾಯಿತಿಗೆ ಸಿಗುವುದು ಬಹಳ ಸಲ ಒಂದೆರಡು ವರ್ಷ ಹಳೆಯ ಮಾದರಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮ ಇದನ್ನು ತಿರುಗಿಸಿ ಹಾಕಿದೆ: ಅಲ್ಲಿ ಅಪ್‌ಡೇಟ್‌ನ 5 ವರ್ಷದ ಲೆಕ್ಕ ಶುರುವಾಗುವುದು ಮಾದರಿಯ ಮಾರಾಟ ನಿಂತ ದಿನದಿಂದ. 800 ಸಲ ಚಾರ್ಜ್ ಮಾಡಿದ ಮೇಲೂ ಬ್ಯಾಟರಿಯಲ್ಲಿ 80 ಶೇಕಡಾ ಶಕ್ತಿ ಉಳಿದಿರಬೇಕು ಎಂಬುದೂ ಅದೇ ನಿಯಮದಲ್ಲಿದೆ. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲದ್ದರಿಂದ ಲೆಕ್ಕ ನಾವೇ ಹಾಕಬೇಕು.

ಲೆಕ್ಕ ಸರಳ: ಬೆಲೆಯನ್ನು ಪ್ಯಾಚ್ ಬಾಕಿ ಇರುವ ತಿಂಗಳುಗಳಿಂದ ಭಾಗಿಸಿ. 6 ವರ್ಷದ ಭರವಸೆಯ, ಬಿಡುಗಡೆಯಾಗಿ 6 ತಿಂಗಳಾದ 18,000 ರೂಪಾಯಿಯ ಫೋನಿಗೆ 66 ತಿಂಗಳು ಉಳಿದಿವೆ, ತಿಂಗಳಿಗೆ ಸುಮಾರು 273 ರೂಪಾಯಿ. 4 ವರ್ಷದ ಭರವಸೆಯ, ಎರಡೂವರೆ ವರ್ಷ ಹಳೆಯ ಮಾದರಿ ಆಫರಿನಲ್ಲಿ 11,000ಕ್ಕೆ ಸಿಕ್ಕಿತು ಅನ್ನಿ. ಉಳಿದಿರುವುದು 18 ತಿಂಗಳು, ತಿಂಗಳಿಗೆ 611. ಅಗ್ಗ ಯಾವುದು? ಮೊದಲನೆಯದಕ್ಕೆ ನಡುವೆ ಒಮ್ಮೆ 2,500 ಕೊಟ್ಟು ಬ್ಯಾಟರಿ ಹಾಕಿಸಿದರೂ 311ಕ್ಕೆ ನಿಲ್ಲುತ್ತದೆ.

ಇನ್ನೂ ಎರಡು ಸಂಗತಿ ವಿಚಾರಿಸಿ. ಪ್ಯಾಚ್ ತಿಂಗಳಿಗೊಮ್ಮೆಯೋ, ಮೂರು ತಿಂಗಳಿಗೊಮ್ಮೆಯೋ? ವಯಸ್ಸಾದಂತೆ ಸ್ಯಾಮ್ಸಂಗ್ ತನ್ನ ಫೋನುಗಳನ್ನು ಮಾಸಿಕದಿಂದ ತ್ರೈಮಾಸಿಕಕ್ಕೆ, ಆಮೇಲೆ ವರ್ಷಕ್ಕೆರಡು ಸಲಕ್ಕೆ ಇಳಿಸುತ್ತದೆ. ಆಮೇಲೆ ರ್ಯಾಮ್ ಎಷ್ಟು? 4 ಜಿಬಿ ರ್ಯಾಮಿನ ಫೋನಿಗೆ ಆರು ಆವೃತ್ತಿ ಕೊಟ್ಟರೆ ಕೊನೆಯ ಎರಡು ಅದರ ಬೆನ್ನು ಮುರಿಯುತ್ತವೆ. ಐದಾರು ವರ್ಷ ನಡೆಸುವ ಇರಾದೆ ಇದ್ದರೆ 8 ಜಿಬಿ ರ್ಯಾಮ್, 128 ಜಿಬಿ ಮೆಮೊರಿಗಿಂತ ಕಡಿಮೆ ಬೇಡ. ಐಫೋನ್ ಯೋಚನೆ ಇದ್ದರೆ, 2018ರ ಐಫೋನ್ ಎಕ್ಸ್‌ಆರ್‌ಗೆ ಹೊಸ ಆವೃತ್ತಿ ತಪ್ಪಿದ್ದು 2025ರ ಸೆಪ್ಟೆಂಬರ್‌ನ ಐಒಎಸ್ 26ಕ್ಕೆ. ಏಳು ವರ್ಷ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದಕ್ಕೆ ತಕ್ಕಂತೆ ಹಿಂದಕ್ಕೆ ಎಣಿಸಿಕೊಳ್ಳಬಹುದು.

ಬ್ಯಾಟರಿ ಮಾತ್ರ ಯಾವ ಭರವಸೆಗೂ ಕಾಯುವುದಿಲ್ಲ. ಪಿಕ್ಸೆಲ್ 6ಎ ಫೋನುಗಳಲ್ಲಿ ಕೆಲವು ಬಿಸಿಯಾಗುವ ಅಪಾಯವಿದ್ದುದರಿಂದ, 400 ಚಾರ್ಜ್ ಸುತ್ತು ಮುಗಿದ ಬ್ಯಾಟರಿಯ ಶಕ್ತಿ ತಗ್ಗಿಸುವ ಕಡ್ಡಾಯ ಅಪ್‌ಡೇಟನ್ನು ಗೂಗಲ್ 2025ರ ಜುಲೈನಲ್ಲಿ ಕಳಿಸಿತು. ಪ್ಯಾಚ್ ಬರುತ್ತಲೇ ಇತ್ತು, ಫೋನು ಅರ್ಧ ದಿನಕ್ಕೆ ಮಲಗುತ್ತಿತ್ತು ಅನ್ನುವ ಸ್ಥಿತಿ. ಲಿಥಿಯಂ ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಆ್ಯಪಲ್ ತನ್ನ ಫೋನುಗಳನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಿ ಅನ್ನುತ್ತದೆ. ಏಪ್ರಿಲ್‌ನ ಕಲಬುರಗಿ, ರಾಯಚೂರುಗಳಲ್ಲಿ ನೆರಳಲ್ಲೇ 40 ದಾಟಿರುತ್ತದೆ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ, ಬಿಸಿಲಲ್ಲಿ ಮ್ಯಾಪ್ ಹಾಕಿ, ಅದರ ಮೇಲೆ ಚಾರ್ಜೂ ಮಾಡಿದರೆ ಎರಡು ಬೇಸಿಗೆಯಲ್ಲಿ ಬ್ಯಾಟರಿ ಮುಗಿದಂತೆ. ರಾತ್ರಿ ದಿಂಬಿನ ಅಡಿ ಇಟ್ಟು ಚಾರ್ಜ್ ಮಾಡುವುದೂ ಅದೇ ಪಾಪ.

ಅಪ್ಪನ ಫೋನಿಗೆ ಬ್ಯಾಟರಿ ಹಾಕಿಸುವುದಾದರೆ ಒಂದು ಪರೀಕ್ಷೆ: ‘ಸ್ಯಾಮ್ಸಂಗ್ ಮೆಂಬರ್ಸ್’ ಆ್ಯಪ್‌ನ ಡಯಾಗ್ನಾಸ್ಟಿಕ್ಸ್‌ನಲ್ಲಿ ಬ್ಯಾಟರಿ ಸ್ಥಿತಿ ನೋಡಿ. 20–30 ಶೇಕಡಾ ಇದ್ದಾಗಲೇ ಫೋನು ಥಟ್ಟನೆ ಆಫ್ ಆಗುತ್ತಿದ್ದರೆ ಅದರ ಕಾಲ ಮುಗಿದಿದೆ. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ದರ ಕೇಳಿ, ಹೊಸ ಅಂಟಿನೊಂದಿಗೆ ಹಿಂಬದಿ ಕೂರಿಸಿ ಕೊಡುತ್ತಾರೆಯೇ ಎಂದೂ ಕೇಳಿ. ಪ್ಯಾಚ್ ಇನ್ನು ಒಂದೂವರೆ ವರ್ಷವಾದರೂ ಬರುವ ಫೋನಿಗೆ ಬ್ಯಾಟರಿ ಹಾಕಿಸುವುದು ಲಾಭ. ಎಂ31ಕ್ಕೆ ಆ ಲೆಕ್ಕ ಹೊಂದುವುದಿಲ್ಲ, ವಿಡಿಯೊ, ಭಜನೆ, ಪತ್ರಿಕೆ ಓದಲಿಕ್ಕೆ ಇಟ್ಟುಕೊಳ್ಳುವುದಾದರೆ ಮಾತ್ರ ಹಾಕಿಸಿ.

ಹೊಸ ಫೋನು ಬಂದ ದಿನ ಅವಸರ ಬೇಡ. ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್ ಹೊಸ ಫೋನಿನಲ್ಲಿ ಇರಬೇಕು, ಯುಪಿಐ ಆ್ಯಪ್ ಅದರಿಂದ ತಾನೇ ಒಂದು ಎಸ್‌ಎಂಎಸ್ ಕಳಿಸಿ ಫೋನನ್ನು ಗುರುತಿಸಿಕೊಳ್ಳುತ್ತದೆ. ಎಸ್‌ಎಂಎಸ್ ಕಳಿಸಲು ರೀಚಾರ್ಜ್ ಇಲ್ಲದೆ ಇಲ್ಲೇ ಸಿಕ್ಕಿಕೊಳ್ಳುವವರು ಬಹಳ. ಫೋನು ಬದಲಿಸಿದ ಮೊದಲ ದಿನ ಕಳಿಸಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ, ಆಸ್ಪತ್ರೆ ಬಿಲ್ಲೋ ಮೊಮ್ಮಗನ ಫೀಸೋ ಕಟ್ಟುವ ದಿನ ಬದಲಾವಣೆ ಇಟ್ಟುಕೊಳ್ಳಬೇಡಿ. ಹಳೆಯದರಲ್ಲಿ ಯುಪಿಐ ಆ್ಯಪ್‌ಗಳಿಂದ ಲಾಗೌಟ್ ಆಗಿ, ವಾಟ್ಸ್ಆ್ಯಪ್ ಬ್ಯಾಕಪ್ ಮುಗಿಸಿ, ಯಾರಿಗಾದರೂ ಕೊಡುವುದಾದರೆ ಮೊದಲು ಗೂಗಲ್ ಖಾತೆ ತೆಗೆದು ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವರಿಗೆ ಫೋನು ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು.

ಹಳೆಯ ಫೋನನ್ನು ಬಾಗಿಲ ಕ್ಯಾಮೆರಾ ಮಾಡಿ 24 ಗಂಟೆಯೂ ಚಾರ್ಜರ್‌ಗೆ ಸಿಕ್ಕಿಸಿಡುವ ಉಪಾಯ ಕೆಲವರು ಹೇಳುತ್ತಾರೆ. ಅಷ್ಟು ಹಳೆಯ ಬ್ಯಾಟರಿ ಹಾಗೆ ಊದಿಕೊಳ್ಳಬಹುದು. ಹಿಂಬದಿಯ ಕವಚ ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿದ್ದರೂ ಸಾಕು, ಚಾರ್ಜಿಂಗ್ ಅಲ್ಲಿಗೇ ನಿಲ್ಲಿಸಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಸರ್ವಿಸ್ ಸೆಂಟರ್‌ಗೆ ಒಯ್ದು ಕೊಡಿ.